ದೂರದೇಶದ ದತ್ತಕವೂ ಕಾಯುವವರ ಧರ್ಮವೂ

ಮಕ್ಕಳಿಗಾಗಿ ಕಾಯುವುದು ಗೃಹಸ್ಥಾಶ್ರಮದಷ್ಟೇ ಹಳೆಯದು. ಹೆರುವ ತಾಯಿಯ ಕಾಯುವಿಕೆಗೆ ಪ್ರಕೃತಿಯೇ ಒಂದು ಅವಧಿಯನ್ನು ಗೊತ್ತುಮಾಡಿದೆ. ತಿಂಗಳು ತುಂಬುತ್ತ ಬಂದ ಹಾಗೆಲ್ಲ ಮನೆಯವರಿಗೆ ದಿನದ ಲೆಕ್ಕ ತಿಳಿಯುತ್ತದೆ, ಸೀಮಂತವಾಗುತ್ತದೆ, ತೌರಿನವರು ಬಂದು ಕರೆದೊಯ್ಯುತ್ತಾರೆ, ನೆರೆಹೊರೆಯವರು ಬಯಕೆಯ ತಿಂಡಿಗಳನ್ನು ಮಾಡಿಕೊಡುತ್ತಾರೆ. ಆದರೆ ಈ ಕಾಲದಲ್ಲಿ ಇನ್ನೊಂದು ಬಗೆಯ ಕಾಯುವಿಕೆಯೂ ಉಂಟು. ಮಗು ಒಂದು ದೇಶದ ಅನಾಥಾಲಯದಲ್ಲಿರುವುದು. ಅದಕ್ಕೆ ತಂದೆತಾಯಿಗಳಾಗಬಯಸುವವರು ಮತ್ತೊಂದು ದೇಶದಲ್ಲಿರುವರು. ನಡುವೆ ಕಡಲು, ಎರಡು ಸರ್ಕಾರಗಳು, ಎರಡು ಭಾಷೆಗಳು. ಈ ಕಾಯುವಿಕೆಗೆ ಪ್ರಕೃತಿಯು ಅವಧಿಯನ್ನು ಹೇಳಿಲ್ಲ. ಅದಕ್ಕೆ ಸೀಮಂತವೂ ಇಲ್ಲ.

ಇಂತಹ ಮನೆಯವರು ಮೊದಲು ಅರ್ಜಿಯನ್ನು ಬರೆಯುತ್ತಾರೆ. ಅನಂತರ ಅದಕ್ಕೆಂದೇ ನೇಮಿತರಾದವರು ಮನೆಗೆ ಬಂದು ಕೋಣೆಗಳನ್ನೂ ವರಮಾನವನ್ನೂ ದಂಪತಿಗಳ ಸ್ವಭಾವವನ್ನೂ ಪರೀಕ್ಷಿಸುತ್ತಾರೆ. ವೈದ್ಯರ ಪತ್ರ, ಪೊಲೀಸರ ಪತ್ರ, ವಿವಾಹದ ದಾಖಲೆ ಇವೆಲ್ಲವೂ ಮುದ್ರೆಯ ಮೇಲೆ ಮುದ್ರೆಯನ್ನು ಹಾಕಿಸಿಕೊಂಡು ಕಡಲಾಚೆಗೆ ಹೋಗುತ್ತವೆ. ಅಲ್ಲಿಂದಾಚೆಗೆ ಮೌನ. ಎಂದೋ ಒಂದು ದಿನ ಒಂದು ಭಾವಚಿತ್ರವು ಬರುತ್ತದೆ: ಎರಡು ವರ್ಷದ ಮಗು, ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತಿದೆ. ಮನೆಯವರು ಅದನ್ನು ಗೋಡೆಗೆ ತೂಗುಹಾಕುತ್ತಾರೆ. ಆ ಅಳತೆಗೆ ಅಂಗಿಗಳನ್ನು ತಂದಿಡುತ್ತಾರೆ. ಚಿಕ್ಕದೊಂದು ಮಂಚವನ್ನು ಮಾಡಿಸುತ್ತಾರೆ. ಚಿತ್ರದಲ್ಲಿ ಮಗು ಬೆಳೆಯುವುದಿಲ್ಲ, ಅನಾಥಾಲಯದಲ್ಲಿ ಬೆಳೆಯುತ್ತದೆ. ತಂದ ಅಂಗಿಯು ತೊಡಿಸುವ ಮೊದಲೇ ಚಿಕ್ಕದಾಗುತ್ತದೆ. ಆಗ ಮತ್ತೊಂದು ಅಂಗಿ, ಅದೂ ಚಿಕ್ಕದಾಗುತ್ತದೆ.

ಹೀಗೆ ವರ್ಷಗಟ್ಟಲೆ ಕಾದವರಿಗೆ ಆ ಮಗುವಿನ ಮೇಲೆ ಏನಾದರೂ ಅಧಿಕಾರವುಂಟೇ? ಅವರನ್ನು ಕಾಯಿಸುವ ರಾಜ್ಯಾಧಿಕಾರವು ಅವರಿಗೆ ಅನ್ಯಾಯ ಮಾಡುತ್ತಿದೆಯೇ, ಅಥವಾ ಮಗುವಿಗೆ ನ್ಯಾಯ ಮಾಡುತ್ತಿದೆಯೇ? ಇದು ಬರಿಯ ಕಾನೂನಿನ ಪ್ರಶ್ನೆಯಲ್ಲ. ಪ್ರೀತಿಯು ಯಾವಾಗ ಧರ್ಮವಾಗುತ್ತದೆ, ಯಾವಾಗ ಆಶೆಯಾಗಿಯೇ ಉಳಿಯುತ್ತದೆ ಎಂಬ ಪ್ರಶ್ನೆ. ಆದುದರಿಂದ ವಿಚಾರಣೀಯವಾದುದು.

ಮೊದಲು ಸಂಗತಿಯನ್ನು ನೋಡತಕ್ಕದ್ದು. ಒಂದು ದೇಶದ ಮಕ್ಕಳನ್ನು ಮತ್ತೊಂದು ದೇಶದವರು ಬಹುಸಂಖ್ಯೆಯಲ್ಲಿ ದತ್ತಕವಾಗಿ ಸ್ವೀಕರಿಸುವ ಪದ್ಧತಿಯು ಎರಡನೆಯ ಮಹಾಯುದ್ಧದ ಅನಂತರ ಬೆಳೆದುದು. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಅನಾಥರಾದ ಮಕ್ಕಳಲ್ಲಿ ಎಂಟು ಮಂದಿಯನ್ನು 1955ರಲ್ಲಿ ಅಮೆರಿಕದ ಹೋಲ್ಟ್ ದಂಪತಿಗಳು ತಮ್ಮವರನ್ನಾಗಿ ಮಾಡಿಕೊಂಡರು. ಅದಕ್ಕಾಗಿ ಅಮೆರಿಕದ ಶಾಸನಸಭೆಯು ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಅಲ್ಲಿಂದ ಮುಂದೆ ಆ ಒಂದು ದೇಶದಿಂದಲೇ ಸುಮಾರು ಎರಡು ಲಕ್ಷ ಮಕ್ಕಳು ಹೊರದೇಶಗಳಿಗೆ ಹೋದರು. ಚೀನಾ ದೇಶವು 1992ರಲ್ಲಿ ಈ ಬಾಗಿಲನ್ನು ತೆರೆಯಿತು. ಒಂದು ಮನೆಗೆ ಒಂದೇ ಮಗುವೆಂಬ ನಿಯಮವು ಅಲ್ಲಿ ಕಠಿನವಾಗಿದ್ದ ಕಾಲವದು. ಬಿಟ್ಟುಹೋದ ಮಕ್ಕಳಲ್ಲಿ ಹೆಚ್ಚಿನವು ಹೆಣ್ಣು. ಮೂವತ್ತು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಮಕ್ಕಳು ಅಲ್ಲಿಂದ ಹೊರಟರು. ಅಮೆರಿಕ ಒಂದಕ್ಕೇ 80,000ಕ್ಕೂ ಹೆಚ್ಚು ಮಂದಿ ಬಂದರು. ಮೊದಮೊದಲು ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಕಾಯುವಿಕೆಯು ಮುಂದೆ ಐದಾರು ವರ್ಷಗಳಿಗೆ ಬೆಳೆಯಿತು.

2020ರಲ್ಲಿ ಕೋವಿಡ್ ಸಾಂಕ್ರಾಮಿಕವು ಬಂದಾಗ ಚೀನಾ ದೇಶವು ಈ ಪ್ರಯಾಣಗಳನ್ನು ನಿಲ್ಲಿಸಿತು. ಆ ಹೊತ್ತಿಗೆ ನೂರಾರು ಮನೆಗಳವರಿಗೆ ಮಗು ಗೊತ್ತಾಗಿತ್ತು, ಹೆಸರು ತಿಳಿದಿತ್ತು, ಚಿತ್ರ ಬಂದಿತ್ತು. ಹೊರಡುವುದೊಂದೇ ಬಾಕಿ. ಅವರು ನಾಲ್ಕು ವರ್ಷ ಕಾದರು. 2024ರ ಸೆಪ್ಟೆಂಬರಿನಲ್ಲಿ ಆ ಸರ್ಕಾರವು, ಸಮೀಪದ ರಕ್ತಸಂಬಂಧಿಗಳ ಹೊರತು ಇನ್ನಾರಿಗೂ ಹೊರದೇಶಕ್ಕೆ ಮಕ್ಕಳನ್ನು ಕೊಡುವುದಿಲ್ಲವೆಂದು ಪ್ರಕಟಿಸಿತು. ಗೊತ್ತಾಗಿದ್ದ ಮಕ್ಕಳ ವಿಷಯದಲ್ಲಿಯೂ ಅದೇ ಉತ್ತರ. ಚಿತ್ರದಲ್ಲಿ ಎರಡು ವರ್ಷದ್ದಾಗಿದ್ದ ಮಗುವಿಗೆ ಅಷ್ಟರಲ್ಲಿ ಆರು ತುಂಬಿತ್ತು.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪ್ರಸಂಗವು ಇದಕ್ಕಿಂತಲೂ ವಿಚಿತ್ರವಾದುದು. ಅಲ್ಲಿ 2013ರ ಸೆಪ್ಟೆಂಬರಿನಲ್ಲಿ ದತ್ತಕ ಮಕ್ಕಳಿಗೆ ದೇಶವನ್ನು ಬಿಡುವ ಅನುಮತಿಯನ್ನು ತಡೆಹಿಡಿದರು. ನ್ಯಾಯಾಲಯದ ಆಜ್ಞೆಯಿಂದ ಆಗಲೇ ಮಕ್ಕಳಾದವರು ಗಡಿಯನ್ನು ದಾಟುವಂತಿರಲಿಲ್ಲ. ಕೆಲವು ತಾಯಂದಿರು ಮನೆ, ಕೆಲಸ, ಗಂಡ ಎಲ್ಲವನ್ನೂ ಬಿಟ್ಟು ಬಂದು ಕಿನ್ಶಾಸಾ ನಗರದಲ್ಲಿಯೇ ಮಗುವಿನೊಡನೆ ವಾಸಮಾಡಿದರು. ಆ ತಡೆಯು ಬಹುಮಟ್ಟಿಗೆ ತೆರವಾದುದು 2016ರಲ್ಲಿ.

ಇವನ್ನು ಕೇಳಿದ ಯಾರಿಗಾದರೂ ಮೊದಲು ತೋರುವುದು ಕನಿಕರ. ಅದರ ಬೆನ್ನಿಗೇ ಕೋಪ. ಹೊಟ್ಟೆಯಲ್ಲಿ ಹುಟ್ಟಲಿಲ್ಲವೆಂಬುದೊಂದನ್ನು ಬಿಟ್ಟರೆ ಇವರು ತಂದೆತಾಯಿಗಳಲ್ಲವೇ? ಇಷ್ಟು ಕಾದ ಮೇಲೆ ಅವರಿಗೆ ಅಧಿಕಾರವಿಲ್ಲವೇ? ಈ ಪಕ್ಷವನ್ನು ಸಮರ್ಥಿಸಲು ಪುರಾಣಗಳಲ್ಲಿಯೇ ದೊಡ್ಡ ಸಾಕ್ಷಿಯುಂಟೆಂದು ತೋರಬಹುದು. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಕೊಡಲು ಬರುತ್ತಾನೆ. ಕರ್ಣನು ರಾಜ್ಯವನ್ನು ಒಲ್ಲೆನೆನ್ನುತ್ತಾನೆ. ತನ್ನನ್ನು ಕಂಡೊಡನೆ ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ತುಂಬಿತು. ತನ್ನ ಮಲಮೂತ್ರಗಳನ್ನು ಎತ್ತಿದವಳು ಅವಳು. ಅವಳ ಪಿಂಡವನ್ನು ತಪ್ಪಿಸುವುದೆಂತು ಎಂಬುದು ಅವನ ಉತ್ತರ. ಹೆತ್ತವಳು ರಾಣಿಯಾದರೂ ಸಾಕಿದವಳಾದ ಸೂತಪತ್ನಿಯೇ ಅವನಿಗೆ ತಾಯಿ.

ಆದರೆ ಈ ಸಾಕ್ಷಿಯನ್ನು ಸಾವಧಾನವಾಗಿ ನೋಡಬೇಕು. ರಾಧೆಗೆ ಆ ಅಧಿಕಾರವು ಬಂದುದು ಕಾದುದರಿಂದಲ್ಲ, ಸಾಕಿದುದರಿಂದ. ಶಕುಂತಲೆಯು ದುಷ್ಯಂತನ ಎದುರಿಗೆ ಕಣ್ವನ ಮಾತನ್ನು ನೆನೆದು ಮೂವರು ತಂದೆಗಳನ್ನು ಹೇಳುತ್ತಾಳೆ: ಶರೀರವನ್ನು ಕೊಟ್ಟವನು, ಪ್ರಾಣವನ್ನು ಕಾಪಾಡಿದವನು, ಅನ್ನವನ್ನು ಇಕ್ಕಿದವನು. ಹಕ್ಕಿಗಳ ನಡುವೆ ದೊರೆತ ಕೂಸನ್ನು ಎತ್ತಿ ತಂದು ಬೆಳೆಸಿದ ಋಷಿಯ ಮಾತಿದು. ಹುಟ್ಟೊಂದೇ ತಂದೆತನವೆಂದು ಅವನು ಒಪ್ಪಲಿಲ್ಲ. ಆದರೂ ಆ ಮೂವರ ಪಟ್ಟಿಯಲ್ಲಿ ‘ಹಂಬಲಿಸಿದವನು’ ಎಂಬ ನಾಲ್ಕನೆಯವನು ಇಲ್ಲ. ಹಂಬಲವು ಎಷ್ಟೇ ದೀರ್ಘವಾಗಲಿ, ಎಷ್ಟೇ ನಿರ್ಮಲವಾಗಲಿ, ಅದರಿಂದ ಒಂದು ಜೀವದ ಮೇಲೆ ಅಧಿಕಾರವು ಹುಟ್ಟುವುದಿಲ್ಲ. ಕಾಂಗೋದಲ್ಲಿ ಮಗುವಿನ ಬಳಿಗೇ ಹೋಗಿ ಅನ್ನವಿಕ್ಕಿದ ತಾಯಿಯ ಮಾತು ಬೇರೆ. ಭಾವಚಿತ್ರವನ್ನು ನೋಡುತ್ತ ಕುಳಿತವರ ಮಾತು ಬೇರೆ. ಇದನ್ನು ಹೇಳುವುದು ಕಠಿನ. ಆದರೆ ಹೇಳದೆ ಬಿಟ್ಟರೆ ಮುಂದಿನ ವಿಚಾರವೆಲ್ಲ ಜಾರಿಹೋಗುತ್ತದೆ.

ಏಕೆಂದರೆ ಕಾಯುವವರ ಹಂಬಲಕ್ಕೆ ಅಧಿಕಾರವನ್ನು ಕೊಟ್ಟಲ್ಲೆಲ್ಲ ಮಗುವಿಗೆ ಬೆಲೆ ಕಟ್ಟುವವರು ಹುಟ್ಟಿಕೊಂಡಿದ್ದಾರೆ. ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪನ ಕಥೆಯು ಇದಕ್ಕೆ ಅತಿ ಪ್ರಾಚೀನವಾದ ಉದಾಹರಣೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತನಿಗೆ ಮೂವರು ಮಕ್ಕಳು. ಹಿರಿಯವನನ್ನು ತಂದೆಯು ಬಿಡಲೊಲ್ಲ, ಕಿರಿಯವನನ್ನು ತಾಯಿಯು ಬಿಡಲೊಲ್ಲಳು. ನಡುವಣವನು ನೂರು ಹಸುಗಳಿಗೆ ಮಾರಾಟವಾದನು. ಅವನನ್ನು ಕಂಬಕ್ಕೆ ಕಟ್ಟಲು ಮತ್ತೆ ನೂರು, ಕಡಿಯಲು ಮತ್ತೆ ನೂರು. ಕೊಂಡವನಿಗೂ ಒಂದು ಅಗತ್ಯವಿದ್ದಿತು, ಮಾರಿದವನಿಗೂ ಒಂದು ಹಸಿವಿದ್ದಿತು. ನಡುವೆ ಇದ್ದ ಹುಡುಗನನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಈ ಕಥೆಯು ಇಂದಿಗೂ ಮುಗಿದಿಲ್ಲ. ಚೀನಾದ ಅನಾಥಾಲಯಗಳಿಗೆ ಒಂದೊಂದು ಮಗುವಿನ ಹಿಂದೆಯೂ ಸುಮಾರು 3,000 ಡಾಲರುಗಳ ಕಾಣಿಕೆಯು ಹೊರದೇಶದವರಿಂದ ಸಲ್ಲುತ್ತಿದ್ದಿತು. ಹೂನಾನ್ ಪ್ರಾಂತದ ಕೆಲವು ಅನಾಥಾಲಯಗಳು ದಲ್ಲಾಳಿಗಳಿಂದ ಕೂಸುಗಳನ್ನು ಕೊಂಡು ದತ್ತಕಕ್ಕೆ ಕೊಟ್ಟ ವಿಷಯವು 2005ರಲ್ಲಿ ಹೊರಬಿದ್ದು, 2006ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದ ಕೆಲವೇ ದಿನಗಳಲ್ಲಿ ಅಮೆರಿಕದ ಹತ್ತು ಮಂದಿ 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೊರಟು ಸೆರೆಸಿಕ್ಕಿದರು. ವಿಚಾರಿಸಿದಾಗ, ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದುದು ತಿಳಿಯಿತು. ಕೊರಿಯಾದ ಸತ್ಯಶೋಧನ ಆಯೋಗವು 2025ರ ಮಾರ್ಚಿನಲ್ಲಿ ಕೊಟ್ಟ ತೀರ್ಮಾನದಲ್ಲಿ, ತಂದೆತಾಯಿಗಳು ಬದುಕಿದ್ದ ಮಕ್ಕಳನ್ನೂ ಅನಾಥರೆಂದು ದಾಖಲೆಮಾಡಿ ಕಳುಹಿಸಿದ್ದುಂಟೆಂದೂ, ಅದನ್ನು ತಡೆಯದೆ ಬಿಟ್ಟ ಹೊಣೆಯು ಸರ್ಕಾರದ್ದೆಂದೂ ಹೇಳಿತು. ಆ ಮಕ್ಕಳಲ್ಲಿ ಅನೇಕರಿಗೆ ಈಗ ನಡುವಯಸ್ಸು ದಾಟಿದೆ. ತಮ್ಮ ನಿಜವಾದ ಹೆಸರೇನು, ಹುಟ್ಟಿದ ದಿನ ಯಾವುದು ಎಂದು ಅವರು ಹುಡುಕುತ್ತಿದ್ದಾರೆ.

ಇವರನ್ನೆಲ್ಲ ಬರಮಾಡಿಕೊಂಡ ದಂಪತಿಗಳು ದುಷ್ಟರಲ್ಲ. ಅವರಲ್ಲಿ ಬಹುಮಂದಿ ಸಜ್ಜನರು. ಮಕ್ಕಳನ್ನು ಪ್ರೀತಿಯಿಂದ ಬೆಳೆಸಿದವರು. ಆದರೆ ಸಜ್ಜನರ ಆತುರವೂ ಪೇಟೆಯನ್ನು ನಿರ್ಮಿಸಬಲ್ಲುದು. ಸಾಲಿನಲ್ಲಿ ನಿಂತವರು ಹೆಚ್ಚಾದಷ್ಟೂ, ಅವರ ಕೈಯಲ್ಲಿ ಹಣವಿದ್ದಷ್ಟೂ, ಆ ತುದಿಯಲ್ಲಿ ಯಾವನೋ ಒಬ್ಬನು ಬಡ ತಾಯಿಯೊಬ್ಬಳ ಗುಡಿಸಿಲಿನ ಕಡೆಗೆ ನಡೆಯಲು ಹೊರಡುತ್ತಾನೆ. ಅವನ ಹೆಜ್ಜೆಯ ಸದ್ದು ಈ ತುದಿಯಲ್ಲಿರುವವರಿಗೆ ಕೇಳಿಸುವುದಿಲ್ಲ.

ಪ್ರಾಚೀನ ಧರ್ಮಶಾಸ್ತ್ರಕಾರರು ಈ ಭಯವನ್ನು ಅರಿಯದವರಲ್ಲ. ದತ್ತಕ ವಿಧಿಯನ್ನು ಹೇಳುವಾಗ ವಸಿಷ್ಠರು ಮೂರು ಕಟ್ಟಳೆಗಳನ್ನು ಮಾಡುತ್ತಾರೆ. ಬಂಧುಗಳನ್ನು ಕರೆಯಿಸಬೇಕು, ರಾಜನಿಗೆ ಅರಿಕೆಮಾಡಬೇಕು, ಮನೆಯ ನಡುವೆ ಹೋಮಮಾಡಿ, ಬಂಧುಗಳು ದೂರದಲ್ಲಿಲ್ಲದಂತಹ ಮಗುವನ್ನೇ ಸ್ವೀಕರಿಸಬೇಕು. ದೂರದ ಮಗುವಿನ ವಿಷಯದಲ್ಲಿ ಸಂದೇಹವು ಹುಟ್ಟಬಹುದೆಂಬ ಮಾತೂ ಅಲ್ಲಿಯೇ ಬರುತ್ತದೆ. ಆ ಸಂದೇಹದಲ್ಲಿ ಅಂದಿನ ಕಾಲದ ಜಾತಿವಿಚಾರವು ಬೆರೆತಿರುವುದು ನಿಜ. ಆ ಅಂಶವನ್ನು ಇಂದಿನವರು ಬಿಟ್ಟುಬಿಡುವುದೇ ಯುಕ್ತ. ಆದರೆ ಅದರ ಒಳಗೆ ಬಿಡಬಾರದ ಒಂದು ತತ್ತ್ವವೂ ಉಂಟು. ಮಗುವು ಯಾರದು, ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದಕ್ಕೆ ಸಾಕ್ಷಿಗಳಿರಬೇಕು. ಕೊಡುವ ಕೊಳ್ಳುವ ಕಾರ್ಯವು ಕತ್ತಲೆಯಲ್ಲಿ ನಡೆಯಬಾರದು. ಹತ್ತಿರದ ಮಗುವಾದರೆ ಊರೇ ಸಾಕ್ಷಿ. ದೂರದ ಮಗುವಿಗೆ ಸಾಕ್ಷಿಯಾರು?

ಈ ಪ್ರಶ್ನೆಗೆ ಉತ್ತರವಾಗಿಯೇ 1993ರ ಮೇ 29ರಂದು ಹೇಗ್ ನಗರದಲ್ಲಿ ರಾಷ್ಟ್ರಗಳ ಒಡಂಬಡಿಕೆಯೊಂದು ಏರ್ಪಟ್ಟಿತು. ಭಾರತವು 2003ರಲ್ಲಿ ಅದನ್ನು ಅಂಗೀಕರಿಸಿತು. ಅದರ ವಿಧಿಗಳನ್ನು ಓದಿದರೆ ವಸಿಷ್ಠರ ಕಟ್ಟಳೆಗಳೇ ಬೇರೆ ಉಡುಪಿನಲ್ಲಿ ನಿಂತಂತೆ ತೋರುತ್ತದೆ. ರಾಜನಿಗೆ ಅರಿಕೆಮಾಡುವುದಕ್ಕೆ ಬದಲಾಗಿ ಎರಡೂ ದೇಶಗಳಲ್ಲಿ ಒಂದೊಂದು ಕೇಂದ್ರಾಧಿಕಾರವಿರಬೇಕು. ಮೊದಲು ಮಗುವಿಗೆ ಸ್ವದೇಶದಲ್ಲಿಯೇ ಮನೆಯನ್ನು ಹುಡುಕಬೇಕು. ತಾಯಿಯ ಒಪ್ಪಿಗೆಯು ಮಗು ಹುಟ್ಟಿದ ಮೇಲೆಯೇ ದೊರೆತದ್ದಾಗಿರಬೇಕು, ಹಣದಿಂದ ಪಡೆದದ್ದಾಗಿರಬಾರದು. ಮಗುವಿನ ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದರ ಇಷ್ಟವನ್ನು ಕೇಳಬೇಕು. ಮಗುವಿನ ಮೂಲದ ವಿವರಗಳನ್ನು ಕಾಪಾಡಿಡಬೇಕು.

ಭಾರತದಲ್ಲಿ ಈ ವಿವೇಕವು ಅದಕ್ಕೂ ಮೊದಲೇ ಎಚ್ಚೆತ್ತಿತ್ತು. ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸುವುದರಲ್ಲಿ ನಡೆಯುವ ಅಕ್ರಮಗಳನ್ನು ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ನ್ಯಾಯವಾದಿಯು ಸುಪ್ರೀಂ ಕೋರ್ಟಿಗೆ ಒಂದು ಪತ್ರವನ್ನು ಬರೆದನು. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ, 1984ರಲ್ಲಿ ನ್ಯಾಯಮೂರ್ತಿ ಭಗವತಿಯವರ ಮೂಲಕ ವಿಸ್ತಾರವಾದ ತೀರ್ಪನ್ನು ಕೊಟ್ಟಿತು. 2015ರ ಬಾಲನ್ಯಾಯ ಕಾನೂನಿನಂತೆ, ಮಗುವನ್ನು ಒಪ್ಪಿಸಿಕೊಟ್ಟ ತಾಯಿತಂದೆಗಳಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವುಂಟು. ವಿದೇಶದಲ್ಲಿ ನೆಲಸಿದ ಕನ್ನಡ ಮನೆತನಗಳವರೂ ಈ ಕಟ್ಟಳೆಗಳಿಗೆ ಒಳಪಟ್ಟವರೇ. ಊರಿಗೆ ಬಂದು ತಂಗಿಯ ಮಗುವನ್ನು ಹೋಮಮಾಡಿ ಮಡಿಲಿಗೆ ತೆಗೆದುಕೊಂಡ ಮಾತ್ರಕ್ಕೆ ಅದನ್ನು ವಿಮಾನ ಹತ್ತಿಸಲಾಗದೆಂದು ತಿಳಿದು ಅವರಲ್ಲಿ ಕೆಲವರು ನೊಂದುಕೊಳ್ಳುತ್ತಾರೆ. ಹೋಮದ ಅಗ್ನಿಯನ್ನು ನಂಬುವವರು, ರಾಜನಿಗೆ ಅರಿಕೆಮಾಡುವುದೂ ಅದೇ ವಿಧಿಯ ಅಂಗವೆಂಬುದನ್ನು ನೆನೆದರೆ ಆ ನೋವು ಸ್ವಲ್ಪ ಕಡಿಮೆಯಾಗಬಹುದು.

ಆ ಎರಡು ತಿಂಗಳ ಅರ್ಥವೇನು? ಕಾಯುವವರು ತಮ್ಮ ಪಂಚಾಂಗದಲ್ಲಿ ಅದನ್ನು ನಷ್ಟವಾದ ದಿನಗಳೆಂದು ಎಣಿಸುತ್ತಾರೆ. ಆದರೆ ಅದೇ ಅರುವತ್ತು ರಾತ್ರಿಗಳಲ್ಲಿ ಎಲ್ಲಿಯೋ ಒಬ್ಬಳು ನಿದ್ದೆಯಿಲ್ಲದೆ ಹೊರಳುತ್ತಿರುತ್ತಾಳೆ. ಅವಳು ಬಡವಿಯೋ, ಮದುವೆಯಿಲ್ಲದೆ ಹೆತ್ತವಳೋ, ಗಂಡನು ಬಿಟ್ಟುಹೋದವಳೋ ಯಾರು ಬಲ್ಲರು? ತಿರುಗಿಹೋಗಿ ಮಗುವನ್ನು ಕೇಳಲೇ ಬೇಡವೇ ಎಂದು ಅವಳು ತನ್ನೊಳಗೆ ತಾನು ಹೋರಾಡುತ್ತಿರುತ್ತಾಳೆ. ಕಾಯುವವರು ಕಾಯುತ್ತಿರುವುದು ಅವಳಿಗಾಗಿ. ಅವಳ ಮುಖವನ್ನು ಅವರು ಎಂದೂ ನೋಡದೆ ಹೋಗಬಹುದು. ಆದರೆ ಅವಳಿಗೆ ಸಲ್ಲಬೇಕಾದ ಆ ದಿನಗಳನ್ನು ಸಲ್ಲಿಸದೆ ಅವಳ ಮಗುವನ್ನು ತಮ್ಮದೆನ್ನುವಂತಿಲ್ಲ. ಹೀಗೆ ನೋಡಿದರೆ ಕಾಯುವಿಕೆಯ ಒಂದು ಭಾಗವು ಋಣವನ್ನು ತೀರಿಸುವ ಕಾಲ. ಅದನ್ನು ಕಡಿಮೆಮಾಡೆಂದು ಕೇಳುವುದು ನ್ಯಾಯವಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಪ್ರತಿಪಕ್ಷವನ್ನೂ ಕೇಳಬೇಕು. ಅದು ಬಲಹೀನವಾದ ಪಕ್ಷವಲ್ಲ. ಕಾಯುವವರು ಇಬ್ಬರೇ ಅಲ್ಲ, ಮಗುವೂ ಕಾಯುತ್ತಿದೆ. ಹಿರಿಯರ ಒಂದು ವರ್ಷವು ಬದುಕಿನ ನಲವತ್ತರಲ್ಲಿ ಒಂದು ಪಾಲು. ಎರಡು ವರ್ಷದ ಕೂಸಿಗೆ ಅದು ಬದುಕಿನ ಅರ್ಧ. ರುಮೇನಿಯದ ಬುಖಾರೆಸ್ಟ್ ನಗರದಲ್ಲಿ 2000ದ ಸುಮಾರಿನಿಂದ ವಿದ್ವಾಂಸರು ಅನಾಥಾಲಯದ 136 ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಸಾಕುಮನೆಗಳಿಗೆ ಹೋದ ಮಕ್ಕಳ ಬುದ್ಧಿಯೂ ಮಮತೆಯ ಶಕ್ತಿಯೂ ಅನಾಥಾಲಯದಲ್ಲಿಯೇ ಉಳಿದವರಿಗಿಂತ ಚೆನ್ನಾಗಿ ಅರಳಿದವು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಂಡಿತು. ಅಲ್ಲಿ ಊಟ, ಹಾಸಿಗೆ, ಔಷಧ ಎಲ್ಲವೂ ಇರಬಹುದು. ಅತ್ತಾಗ ಪ್ರತಿಸಲವೂ ಬರುವ ಒಂದೇ ಮುಖವಿರುವುದಿಲ್ಲ. ಆ ಮುಖವು ತಡವಾಗಿ ಬಂದರೆ ತಡವಾದುದನ್ನು ಪೂರ್ಣವಾಗಿ ತುಂಬಿಕೊಡುವುದು ದುಸ್ಸಾಧ್ಯ.

ಆದುದರಿಂದ ಕಾಯುವಿಕೆಯಲ್ಲಿ ಎರಡು ಬಗೆಯನ್ನು ವಿಂಗಡಿಸಲೇಬೇಕು. ಒಂದು ವಿಚಾರಣೆಯ ಕಾಯುವಿಕೆ. ಇನ್ನೊಂದು ಕಡತದ ಕಾಯುವಿಕೆ. ಯಾರೋ ಒಬ್ಬರು ಮಗುವಿನ ಊರಿಗೆ ಹೋಗಿ ಕೇಳುತ್ತಿದ್ದರೆ, ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಹುಡುಕುತ್ತಿದ್ದರೆ, ಸ್ವದೇಶದಲ್ಲಿ ಮನೆಯನ್ನು ಅರಸುತ್ತಿದ್ದರೆ, ಆ ದಿನಗಳು ಮಗುವಿನ ಸೇವೆಯಲ್ಲಿ ಕಳೆದ ದಿನಗಳು. ಕಾಗದವು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೆ, ಮುದ್ರೆಯೊತ್ತುವವನು ರಜದ ಮೇಲೆ ಹೋಗಿದ್ದರೆ, ಒಂದು ಕಚೇರಿಯು ಮತ್ತೊಂದು ಕಚೇರಿಯ ಮೇಲೆ ಹಾಕುತ್ತಿದ್ದರೆ, ಆ ದಿನಗಳು ಮಗುವಿನಿಂದ ಕದ್ದ ದಿನಗಳು. ಹೇಗ್ ಒಡಂಬಡಿಕೆಯು ವಿಚಾರಣೆಯನ್ನು ವಿಧಿಸಿದಂತೆಯೇ ತ್ವರೆಯನ್ನೂ ವಿಧಿಸಿದೆಯೆಂಬುದನ್ನು ಅಧಿಕಾರಿಗಳು ಮರೆಯುತ್ತಾರೆ. ಭಾರತದ ಕಾನೂನು ಕೂಡ, ತೊರೆದುಹೋದ ಮಗುವು ದತ್ತಕಕ್ಕೆ ಅರ್ಹವೋ ಎಂಬುದನ್ನು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿಯೂ, ಅದಕ್ಕೆ ಮೇಲ್ಪಟ್ಟುದಾದರೆ ನಾಲ್ಕು ತಿಂಗಳಲ್ಲಿಯೂ ನಿರ್ಣಯಿಸಬೇಕೆನ್ನುತ್ತದೆ. ವಿಳಂಬವು ಕಡಿಮೆಯಾಗಲೆಂಬ ಉದ್ದೇಶದಿಂದಲೇ 2021ರಲ್ಲಿ ತಿದ್ದುಪಡಿಯನ್ನು ಮಾಡಿ, ದತ್ತಕದ ಆಜ್ಞೆಯನ್ನು ಕೊಡುವ ಅಧಿಕಾರವನ್ನು ನ್ಯಾಯಾಲಯಗಳಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವರ್ಗಾಯಿಸಿದರು. ಕಾನೂನು ಎಷ್ಟೇ ಬದಲಾಗಲಿ, ಕಡತದ ಮೇಲೆ ಕೈಯಿಡುವ ಮನುಷ್ಯನಿಗೆ ಅದರೊಳಗೆ ಒಂದು ಮಗುವಿದೆಯೆಂದು ತೋರದಿದ್ದರೆ ಫಲವಿಲ್ಲ.

ಇದೇ ವಿಂಗಡಣೆಯಿಂದ ಚೀನಾ, ಕಾಂಗೋ ಪ್ರಸಂಗಗಳನ್ನೂ ತೂಗಬಹುದು. ಒಂದು ದೇಶವು ತನ್ನ ಮಕ್ಕಳನ್ನು ಹೊರಗೆ ಕಳುಹಿಸುವುದಿಲ್ಲವೆಂದರೆ ಅದನ್ನು ತಪ್ಪೆನ್ನುವಂತಿಲ್ಲ. ತನ್ನ ಮಕ್ಕಳಿಗೆ ತನ್ನಲ್ಲಿಯೇ ಮನೆಯನ್ನು ಮಾಡಿಕೊಡಬಲ್ಲ ದೇಶವು ಶ್ಲಾಘ್ಯವೇ. ಮುಂದಿನ ಮಕ್ಕಳ ವಿಷಯದಲ್ಲಿ ಬಾಗಿಲನ್ನು ಮುಚ್ಚುವುದು ನೀತಿ. ಆದರೆ ‘ನಿನಗೆ ತಾಯಿತಂದೆಗಳು ಬರುತ್ತಾರೆ’ ಎಂಬ ಮಾತನ್ನು ಯಾವ ಮಗುವಿಗೆ ಆಗಲೇ ಹೇಳಿಯಾಗಿದೆಯೋ, ಯಾವ ಮಗುವು ತನ್ನ ದಿಂಬಿನ ಕೆಳಗೆ ಅವರ ಚಿತ್ರವನ್ನು ಇಟ್ಟುಕೊಂಡಿದೆಯೋ, ಅದನ್ನೂ ಒಂದೇ ಆಜ್ಞೆಯಿಂದ ಒರಸಿಹಾಕುವುದು ನೀತಿಯಲ್ಲ. ಅಂತಹ ಒಂದೊಂದು ಮಗುವಿನ ವಿಷಯವನ್ನೂ ಪ್ರತ್ಯೇಕವಾಗಿ ವಿಚಾರಿಸಿ, ಅದರ ಹಿತವನ್ನು ನೋಡಿ ತೀರ್ಮಾನಿಸಬೇಕಾಗಿದ್ದಿತು. ಕಾಂಗೋ ದೇಶವು ಬಹಳ ತಡವಾಗಿಯಾದರೂ ಕೊನೆಗೆ ಹಾಗೆ ಕಡತಗಳನ್ನು ಪರಿಶೀಲಿಸಿ ಮಕ್ಕಳನ್ನು ಬಿಟ್ಟಿತು. ಕಾದವರಿಗೆ ಮಗುವಿನ ಮೇಲೆ ಅಧಿಕಾರವಿಲ್ಲವೆಂಬುದು ನಿಜ. ಆದರೆ ಕೊಟ್ಟ ಮಾತಿನ ಮೇಲೆ ಮಗುವಿಗೆ ಅಧಿಕಾರವುಂಟು. ಅದನ್ನು ಮುರಿಯುವ ರಾಜ್ಯವು ತಪ್ಪಿತಸ್ಥನಾಗುವುದು ದಂಪತಿಗಳಿಗೆ ಮಾತ್ರವಲ್ಲ, ಆ ಮಗುವಿಗೆ.

ಇನ್ನು ಕಾಯುವವರು ಮಾಡಬೇಕಾದುದೇನು? ಕಾಯುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡರ್ಥವುಂಟು. ಬರುವವರ ದಾರಿಯನ್ನು ನೋಡುವುದೂ ಕಾಯುವುದೇ. ಬಳಿಯಿರುವವರನ್ನು ರಕ್ಷಿಸುವುದೂ ಕಾಯುವುದೇ. ಮೊದಲನೆಯದು ಎರಡನೆಯದಾಗಿ ಮಾರ್ಪಡುವುದೆಂತು ಎಂಬುದನ್ನು ದಿಲೀಪ ಮಹಾರಾಜನ ಕಥೆಯಲ್ಲಿ ನೋಡಬಹುದು. ಕಾಳಿದಾಸನು ಹೇಳುವಂತೆ, ಮಕ್ಕಳಿಲ್ಲದ ಆ ಅರಸನು ನಂದಿನಿಯೆಂಬ ಹಸುವನ್ನು ಇಪ್ಪತ್ತೊಂದು ದಿನ ಕಾಡಿನಲ್ಲಿ ಹಿಂಬಾಲಿಸಿ ಕಾದನು. ಅವನು ಹೊರಟುದು ಪುತ್ರಾಪೇಕ್ಷೆಯಿಂದ. ಮರುದಿನ ಸಿಂಹವು ಹಸುವಿನ ಮೇಲೆ ಬಿದ್ದಾಗ ಅವನು ಹಸುವಿಗೆ ಬದಲಾಗಿ ತನ್ನ ದೇಹವನ್ನೇ ಒಡ್ಡಿದನು. ದೇಹವೇ ಹೋದರೆ ಮಗನೆಲ್ಲಿ ಬಂತು? ಆ ಕ್ಷಣದಲ್ಲಿ ಅವನಿಗೆ ಮಗನ ಆಶೆಯು ನೆನಪಾಗಲಿಲ್ಲ. ಎದುರಿಗಿದ್ದ ಪ್ರಾಣಿಯ ರಕ್ಷಣೆಯೊಂದೇ ನೆನಪಾಯಿತು. ವರವು ದೊರೆತುದು ಆಮೇಲೆ.

ದೂರದ ಮಗುವಿಗಾಗಿ ಕಾಯುವವರಿಗೂ ಇಂತಹ ಒಂದು ಪರೀಕ್ಷೆಯುಂಟು. ಒಂದು ದಿನ ಪತ್ರವು ಬರುತ್ತದೆಯೆಂದು ಭಾವಿಸಬಹುದು: ‘ಮಗುವಿನ ಚಿಕ್ಕಮ್ಮನು ಸಿಕ್ಕಿದ್ದಾಳೆ, ಅವಳು ಅದನ್ನು ಕರೆದೊಯ್ಯಲು ಒಪ್ಪಿದ್ದಾಳೆ.’ ಆ ಪತ್ರವನ್ನು ಓದಿ ಅಳದವರು ಮನುಷ್ಯರಲ್ಲ. ಆದರೆ ಅಳುವಿನ ನಡುವೆ, ಮಗುವಿಗೆ ತನ್ನವರು ದೊರೆತರಲ್ಲಾ ಎಂಬ ಒಂದು ಸಮಾಧಾನವೂ ಹುಟ್ಟಿದರೆ, ಅವರ ಪ್ರೀತಿಯು ತಂದೆತಾಯಿಗಳ ಪ್ರೀತಿಯಾಯಿತು. ಹಾಗಲ್ಲದೆ, ಚಿಕ್ಕಮ್ಮನು ಏಕೆ ಸಿಕ್ಕಿದಳೋ ಎಂದು ಮನಸ್ಸು ಹೇಳಿದರೆ ಅವರನ್ನು ದೂಷಿಸಬೇಕಾಗಿಲ್ಲ. ಕಾಯುವಿಕೆಯು ಅವರಲ್ಲಿ ಇನ್ನೂ ಪೂರ್ಣವಾಗಿಲ್ಲವೆಂದಷ್ಟೇ ತಿಳಿಯಬೇಕು.

ಈ ಪರೀಕ್ಷೆಗೆ ಮನಸ್ಸನ್ನು ಸಿದ್ಧಮಾಡುವ ಕೆಲಸಗಳು ಬಹಳ ಸಾಮಾನ್ಯವಾದುವು. ಬೇಗ ಮಾಡಿಕೊಡುತ್ತೇನೆನ್ನುವವನಿಗೆ ಹಣವನ್ನು ಕೊಡದಿರುವುದು ಮೊದಲನೆಯದು. ಮಗುವಿನ ಭಾಷೆಯಲ್ಲಿ ನಾಲ್ಕು ಮಾತುಗಳನ್ನು ಕಲಿಯುವುದು, ಅದು ತಿಂದು ಅಭ್ಯಾಸವಾದ ಅನ್ನವನ್ನು ಬೇಯಿಸಲು ಕಲಿಯುವುದು ಎರಡನೆಯದು. ಅದರ ಹುಟ್ಟಿನ ಕಾಗದಗಳನ್ನು ಒಂದೂ ಬಿಡದೆ ಕೇಳಿ ತೆಗೆದಿಡುವುದು ಮೂರನೆಯದು. ಮುಂದೊಂದು ದಿನ ಅದು ಕೇಳಿದಾಗ ಪೆಟ್ಟಿಗೆಯನ್ನು ತೆರೆದುಕೊಡಲು ಹಿಂಜರಿಯಬಾರದು. ಶುನಃಶೇಪನು ಬಿಡುಗಡೆಯಾದ ಮೇಲೆ ತಾನಾಗಿಯೇ ವಿಶ್ವಾಮಿತ್ರರ ತೊಡೆಯ ಮೇಲೆ ಹೋಗಿ ಕುಳಿತನು. ಅಜೀಗರ್ತನು ಕರೆದಾಗ, ಮುನ್ನೂರು ಹಸುಗಳನ್ನು ತೆಗೆದುಕೊಂಡವನು ನೀನು ಎಂದು ಹೇಳಿ ಹೋಗಲಿಲ್ಲ. ಹೊಸ ತಂದೆಯನ್ನು ಅವನು ಆರಿಸಿಕೊಂಡುದು ಎಲ್ಲವನ್ನೂ ತಿಳಿದು. ತನ್ನ ಕಥೆಯನ್ನು ಪೂರ್ಣವಾಗಿ ತಿಳಿದೂ ತೊಡೆಯ ಮೇಲೆ ಉಳಿಯುವ ಮಗುವೇ ನಿಜವಾಗಿ ದೊರೆತ ಮಗು.

ಕೊನೆಗೆ, ಕಾದೂ ಮಗು ಬಾರದೆ ಹೋದವರ ವಿಷಯವು ಉಳಿಯಿತು. ಹುಟ್ಟಿದ ಮಗು ತೀರಿಹೋದರೆ ಅಳಲು ಲೋಕವು ಅವಕಾಶಕೊಡುತ್ತದೆ. ಬಂಧುಗಳು ಬಂದು ಕೂಡುತ್ತಾರೆ. ಬಾರದೆ ಉಳಿದ ಮಗುವಿಗೆ ಸೂತಕವಿಲ್ಲ. ಆ ಮನೆಯವರು ಮಂಚವನ್ನು ಏನು ಮಾಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಆ ಕೋಣೆಯ ಬಾಗಿಲನ್ನು ಮುಚ್ಚಿಡುತ್ತಾರೆ. ‘ನೋಡದ ಮಗುವಿಗೆ ಇಷ್ಟೇಕೆ ದುಃಖ?’ ಎಂದೂ, ‘ಬೇರೊಂದು ಮಗುವನ್ನು ತಂದರಾಯಿತು’ ಎಂದೂ ಹೇಳುವವರು ಬಹುಮಂದಿ. ಹೀಗೆ ಹೇಳುವವರು, ಒಂದು ಮಗುವಿಗೆ ಮತ್ತೊಂದು ಮಗುವನ್ನು ಬದಲಿಡಬಹುದೆಂಬ ಪೇಟೆಯ ಮಾತನ್ನೇ ಅರಿಯದೆ ಆಡುತ್ತಾರೆ. ಅವರ ದುಃಖವು ದುಃಖವೇ ಎಂದು ಒಪ್ಪಿ, ಬಳಿಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು ಬರುವುದು ನೆರೆಯವರ ಧರ್ಮ.

ಆ ದೂರದ ದೇಶದಲ್ಲಿ ಆ ಮಗುವೂ ಬೆಳೆಯುತ್ತಿರುತ್ತದೆ. ಒಳ್ಳೆಯ ಮನೆಯೊಂದು ಅದಕ್ಕೆ ದೊರೆತಿರಬಹುದು, ದೊರೆಯದೆಯೂ ಇರಬಹುದು. ತಿಳಿಯುವ ದಾರಿಯಿಲ್ಲ. ಆದರೂ ಪ್ರತಿವರ್ಷ ಅದರ ಹುಟ್ಟಿದ ದಿನ ಬಂದಾಗ ಈ ಮನೆಯ ದೇವರ ಮುಂದೆ ಅದರ ಹೆಸರಿನಲ್ಲಿ ಒಂದು ದೀಪವನ್ನು ಹಚ್ಚುವವರಿದ್ದರೆ, ತಮಗೆ ಏನನ್ನೂ ಬೇಡದೆ ಅದು ಸುಖವಾಗಿರಲೆಂದಷ್ಟೇ ಬೇಡುವವರಿದ್ದರೆ, ಅವರು ಆ ಮಗುವಿನ ದಾರಿಯನ್ನು ನೋಡುವುದನ್ನು ಬಿಟ್ಟವರು. ಅದನ್ನು ಕಾಯುವುದನ್ನು ಬಿಟ್ಟವರಲ್ಲ.